ಹೊಸ ವಿಳಾಸ, ಹಳೆಯ ಅಜಾಗ್ರತೆ

ರಾಯಪುರಂ ಭಾಗದಲ್ಲಿ ಒಂದೇ ಮನೆಯನ್ನು ಐದಾರು ಮಂದಿ ಹಂಚಿಕೊಂಡು ವಾಸಿಸುವ ನಮ್ಮ ಹೋಟೆಲ್ ನೌಕರರಿಗೂ ಗುಮಾಸ್ತರಿಗೂ ವಠಾರದ ರೀತಿಯನ್ನು ವಿವರಿಸಬೇಕಾಗಿಲ್ಲ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಒಳಗಿನ ಕೋಣೆಗಳಲ್ಲಿ ಯಾರಿರುವರೆಂಬುದು ಹೊರಗಿನವನಿಗೆ ತಿಳಿಯದು. ಮನೆಯ ಇಂಟರ್‌ನೆಟ್ ಸಹ ಬಹುಕಾಲ ಹೀಗೆಯೇ ನಡೆದುಬಂದಿತು. ಹಳೆಯ ಐಪಿವಿ4 ಪದ್ಧತಿಯಲ್ಲಿ ಜಗತ್ತಿಗೆಲ್ಲ ಇದ್ದ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಆದಕಾರಣ ಒಳಗಿನ ಕಂಪ್ಯೂಟರುಗಳೆಲ್ಲ ರೂಟರಿನ ಮರೆಯಲ್ಲಿ ಒಂದೇ ವಿಳಾಸವನ್ನು ಹಂಚಿಕೊಂಡವು. ಅಭಾವದಿಂದ ಹುಟ್ಟಿದ ಏರ್ಪಾಡು ಕಾವಲಾಗಿ ಪರಿಣಮಿಸಿದುದು ಆಕಸ್ಮಿಕ.

2011ರ ಫೆಬ್ರವರಿಯಲ್ಲಿ ಆ ವಿಳಾಸಗಳ ಜಾಗತಿಕ ದಾಸ್ತಾನು ಬರಿದಾಯಿತು. ಹೊಸ ಪದ್ಧತಿಯಾದ ಐಪಿವಿ6ಕ್ಕೆ ಅಭಾವವೆಂಬುದೇ ಇಲ್ಲ. 2022ರ ಡಿಸೆಂಬರ್ 31ರ ಅನಂತರ ಮನೆಗಳಿಗೆ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಅದಕ್ಕೆ ಸಿದ್ಧವಾಗಿರಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆ ವಿಧಿಸಿತು. ಇದರಲ್ಲಿ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾ ಒಂದೊಂದಕ್ಕೂ ಸ್ವಂತ ವಿಳಾಸ. ವಠಾರದ ಪ್ರತಿ ಕೋಣೆಗೂ ಬೀದಿಗೇ ತೆರೆಯುವ ಬಾಗಿಲನ್ನು ಇಟ್ಟಂತಾಯಿತು. ಇನ್ನು ಬೀಗವೊಂದೇ ಗತಿ. ಆ ಬೀಗವೇ ಫೈರ್‌ವಾಲ್. ಒಳಗಿನಿಂದ ಕೇಳಿದುದಕ್ಕೆ ಬಂದ ಉತ್ತರವನ್ನು ಅದು ಬಿಡುತ್ತದೆ, ಕರೆಯದೆ ಬಂದುದನ್ನು ತಡೆಯುತ್ತದೆ.

ವಿಳಾಸಗಳು ಅಪಾರವಾಗಿರುವುದರಿಂದ ಕಳ್ಳನು ಮನೆ ಹುಡುಕಲಾರನೆಂದು ಕೆಲವರು ಸಮಾಧಾನ ಹೇಳುವರು. ಒಂದೊಂದು ಬಾಗಿಲನ್ನೂ ತಟ್ಟಿ ನೋಡುವುದು ಕಷ್ಟವೆಂಬುದು ದಿಟ. ಆದರೆ ನಾವು ಹೋದೆಡೆಯಲ್ಲೆಲ್ಲ ನಮ್ಮ ವಿಳಾಸವನ್ನು ಕೊಟ್ಟೇ ಬರುತ್ತೇವಲ್ಲ! ವಿಂಡೋಸ್ ಕಂಪ್ಯೂಟರಿನಲ್ಲಿ 2004ರಿಂದೀಚೆಗೆ ಸ್ವಂತ ಫೈರ್‌ವಾಲ್ ತಾನಾಗಿ ಚಾಲೂ ಇರುತ್ತದೆ. ಅಗ್ಗದ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಅಂತಹ ರಕ್ಷಣೆ ಇರುವುದಿಲ್ಲ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದಿದ್ದ ಇಂತಹ ಕ್ಯಾಮೆರಾಗಳನ್ನೂ ರೂಟರುಗಳನ್ನೂ ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಆದ್ದರಿಂದ ಕಾವಲು ರೂಟರಿನಲ್ಲಿಯೇ ಇರತಕ್ಕದ್ದು.

ನಮ್ಮಲ್ಲಿ ಸಂಪರ್ಕ ಜೋಡಿಸಲು ಬಂದಾತನನ್ನು ಈ ವಿಷಯ ಕೇಳಿದಾಗ, "ಅದೆಲ್ಲ ಕಂಪೆನಿಯೇ ನೋಡಿಕೊಳ್ಳುತ್ತದೆ" ಎಂದು ರುಜು ಪಡೆದು ಹೊರಟನು. ತೆರೆದು ನೋಡಿದರೆ ಐಪಿವಿ4ಕ್ಕೆ ಕಾವಲಿತ್ತು. ಐಪಿವಿ6ರ ಸಾಲಿನಲ್ಲಿ 'ಆಫ್' ಎಂದಿತ್ತು. ಇಂತಹ ಕೊಠಡಿಗಳಿಂದಲೇ ನಮ್ಮವರು ಊರಿಗೆ ಹಣ ಕಳುಹಿಸುತ್ತಾರೆ, ಮಾಲೀಕರ ಲೆಕ್ಕ ಬರೆಯುತ್ತಾರೆ. ರುಜು ಪಡೆಯುವ ಮೊದಲೇ ಎರಡು ಸಾಲುಗಳನ್ನೂ ಗ್ರಾಹಕನಿಗೆ ತೋರಿಸಿ ಹೋಗುವುದು ಕಂಪೆನಿಗಳ ಕರ್ತವ್ಯವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಐಪಿವಿ6ನ್ನೇ ನಿಲ್ಲಿಸಿಬಿಡುವುದು ಪರಿಹಾರವಲ್ಲ. ಮುಂದಿನ ದಾರಿ ಅದೇ. ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ತೆರೆದು ಪಾಸ್‌ವರ್ಡನ್ನು ಬದಲಿಸಿ, ಆ ಸಾಲನ್ನು 'ಆನ್' ಮಾಡುವುದು ಅರ್ಧ ಗಂಟೆಯ ಕೆಲಸ. ಸಪ್ಲೈಯರ್ ಹುಡುಗರಿಗೆ ಇದು ತಾವಾಗಿ ಆಗದಿದ್ದರೆ, ಅದೇ ಕೊಠಡಿಯ ಗುಮಾಸ್ತರು ಈ ಭಾನುವಾರ ಮಾಡಿಕೊಡಲಿ.