ರೋಗಿಯ ದಾಖಲೆ ಯಾರ ಸೊತ್ತು?

ರೋಗಿಗಳ ವೃತ್ತಾಂತವನ್ನು ಕಾಗದದ ಬದಲು ಕಂಪ್ಯೂಟರಿನಲ್ಲಿ ಬರೆದಿಡಬಯಸುವ ವೈದ್ಯರು ಬೆಲೆಯೊಂದನ್ನೇ ನೋಡಿ ತಂತ್ರಾಂಶವನ್ನು ಆರಿಸತಕ್ಕದ್ದಲ್ಲ. ಮುಂದೆ ಅದನ್ನು ಬಿಡಬೇಕಾದಾಗ ದಾಖಲೆಗಳೆಲ್ಲವೂ ಬೇರೊಂದು ತಂತ್ರಾಂಶವು ಓದಬಲ್ಲ ರೂಪದಲ್ಲಿ ಕೈಸೇರುವುವೇ ಎಂಬುದನ್ನು ಮೊದಲು ವಿಚಾರಿಸಬೇಕು. ಒಗ್ಗದ ಔಷಧದ ಹೆಸರೊಂದು ಕಳೆದುಹೋದರೂ ರೋಗಿಯ ಪ್ರಾಣಕ್ಕೆ ಅಪಾಯವುಂಟು.

ಭಾರತ ಸರ್ಕಾರವು 2016ರಲ್ಲಿ ಪ್ರಕಟಿಸಿದ ಮಾನದಂಡಗಳ ಪ್ರಕಾರ ದಾಖಲೆಯೊಳಗಣ ವಿವರವು ರೋಗಿಯ ಸೊತ್ತು. ವೈದ್ಯರು ಅವನ ಪರವಾಗಿ ಅದನ್ನು ಕಾಯುವವರು. ಕೇಳಿದ 72 ಗಂಟೆಗಳೊಳಗೆ ದಾಖಲೆಯನ್ನು ಒದಗಿಸಬೇಕೆಂದು 2002ರ ವೈದ್ಯಕೀಯ ನಿಯಮಾವಳಿಯೂ ವಿಧಿಸಿದೆ.

ಆದುದರಿಂದ ವೈದ್ಯರು ಹಣ ತೆರುವ ಮುನ್ನ, ಮಾದರಿ ದಾಖಲೆಯೊಂದನ್ನು ಹೊರತೆಗೆದು ತೋರಿಸುವಂತೆ ಮಾರುವವರನ್ನು ಕೇಳಲಿ. ಗೃಹಸ್ಥರಾದ ನಾವೂ ಮನೆಯವರ ದಾಖಲೆಗಳ ಪ್ರತಿಯನ್ನು ಕೇಳಿ ಪಡೆದು, ಮನೆಯಲ್ಲಿ ಜೋಪಾನವಾಗಿರಿಸುವುದು ಲೇಸು.