ಎಲಿವೇಶನ್ ಚಂದ ಇದೆ, ಪ್ಲ್ಯಾನ್ ಯಾರು ಓದಿದ್ದಾರೆ?

ಗಲ್ಫಿನಲ್ಲಿರುವ ಮಗನಿಗೆ ಕಾಂಟ್ರಾಕ್ಟರ್ ವಾಟ್ಸಾಪಿನಲ್ಲಿ ತ್ರೀಡಿ ಚಿತ್ರ ಕಳಿಸುತ್ತಾರೆ. ಅಂಗಳದಲ್ಲಿ ಕಾರು, ಮಾಳಿಗೆಗೆ ಗಾಜಿನ ಕೈಪಿಡಿ, ನಮ್ಮ ಜಾಗದಲ್ಲಿ ಇಲ್ಲವೇ ಇಲ್ಲದ ಎರಡು ಮರ. ಉಮ್ಮನಿಗೂ ತೋರಿಸುತ್ತಾರೆ, ಎಲ್ಲರಿಗೂ ಖುಷಿ. ಹತ್ತು ಹದಿನೈದು ವರ್ಷದ ದುಡಿಮೆ ಆ ಒಂದು ಚಿತ್ರ ನೋಡಿ ತೀರ್ಮಾನವಾಗುತ್ತದೆ. ಜೊತೆಗೆ ಬಂದ ಪ್ಲ್ಯಾನ್ ಓದಬಲ್ಲವರು ಮಾತ್ರ ಮನೆಯಲ್ಲಿ ಯಾರೂ ಇಲ್ಲ.

ಓದುವುದು ಅಂಥ ಕಷ್ಟದ ವಿದ್ಯೆಯೇನಲ್ಲ. ಮನೆಯನ್ನು ಕಿಟಕಿಯ ಮಟ್ಟದಲ್ಲಿ ಅಡ್ಡಕ್ಕೆ ಕೊಯ್ದು ಮೇಲಿನಿಂದ ನೋಡಿದರೆ ಪ್ಲ್ಯಾನ್. ಮಾಡಿನಿಂದ ನೆಲದವರೆಗೆ ಕೊಯ್ದು ಪಕ್ಕದಿಂದ ನೋಡಿದರೆ ಸೆಕ್ಷನ್. 1:100 ಎಂದು ಬರೆದಿದ್ದರೆ ಕಾಗದದ ಒಂದು ಸೆಂಟಿಮೀಟರ್ ಅಂದರೆ ನೆಲದ ಒಂದು ಮೀಟರ್. ಅಡುಗೆಕೋಣೆ ಎರಡು ಸೆಂಟಿಮೀಟರ್ ಅಗಲ ಕಂಡಿತೋ, ಅದು ಎರಡು ಮೀಟರ್. ಎರಡೂ ಬದಿಗೆ 60 ಸೆಂಟಿಮೀಟರಿನ ಕಟ್ಟೆ ಬಂದರೆ ನಡುವೆ ಉಳಿಯುವುದು 80. ರಮಝಾನಿನ ಸಂಜೆ ಮೂವರು ಹೆಂಗಸರು ಅಲ್ಲಿ ಹೇಗೆ ನಿಲ್ಲುತ್ತಾರೆ? ನಮ್ಮ ಜಡಿಮಳೆಯ ಎರಚಲು ಕಿಟಕಿಗೆ ಬಡಿಯುತ್ತದೋ ಇಲ್ಲವೋ ಸೆಕ್ಷನ್ ಹೇಳುತ್ತದೆ. ತ್ರೀಡಿಯಲ್ಲಿ ಯಾವಾಗಲೂ ಬಿಸಿಲು.

ಚಂದದ ಚಿತ್ರ ಹೇಳದ್ದನ್ನು ನಕ್ಷೆ ಹೇಳುತ್ತದೆ ಎಂಬುದಕ್ಕೆ ವಿಜಾಪುರದ ಗೋಲಗುಂಬಜ್ ನೋಡಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ, ಒಳಗೆ ಒಂದೂ ಕಂಬವಿಲ್ಲ. ಹೇಗೆ ನಿಂತಿತು? ಫೋಟೋದಲ್ಲಿ ತಿಳಿಯುವುದಿಲ್ಲ. ಪ್ಲ್ಯಾನಿನಲ್ಲಿ ಒಂದರ ಮೇಲೊಂದು ಓರೆಯಾಗಿ ಇಟ್ಟ ಎರಡು ಚೌಕಗಳಂತೆ ಎಂಟು ಕಮಾನುಗಳು ಹೆಣೆದುಕೊಂಡಿರುವುದು ಕಾಣುತ್ತದೆ. ವಿಜಾಪುರದ ಕಟ್ಟಡಗಳ ನಕ್ಷೆಗಳು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದರ ಶೀರ್ಷಿಕೆ ಪುಟದಲ್ಲಿ ಕ್ಯಾಪ್ಟನ್ ಹಾರ್ಟ್, ಕಮ್ಮಿಂಗ್ ಎಂಬ ಹೆಸರುಗಳಿವೆ, ಮತ್ತೆ ಬರೀ ‘ದೇಶೀಯ ನಕ್ಷೆಗಾರರು’. ಬಿಡಿಸಿದ ನಮ್ಮವರ ಹೆಸರು ಅಲ್ಲಿ ಬರಲಿಲ್ಲ.

ವಿಜಾಪುರದಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು. ಅಲ್ಲಿನ ಸೋನ್ಯಾಳದಂಥ ಗಡಿನಾಡ ಊರುಗಳ ಮಕ್ಕಳಿಗೆ ಮಹಾರಾಷ್ಟ್ರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿವೆ. ಅವುಗಳಲ್ಲಿ ಹೂ, ಹಣ್ಣಿನ ಜೊತೆ ರೇಖಾಗಣಿತವೂ ಉಂಟು. ನಕ್ಷೆಯ ವಿದ್ಯೆ ಶುರುವಾಗುವುದೇ ಅಲ್ಲಿಂದ. ನಮ್ಮ ಕರ್ನಾಟಕದಲ್ಲೂ ಲೋವರ್, ಹೈಯರ್ ಗ್ರೇಡ್ ಪರೀಕ್ಷೆ ಇದೆ. ನಮ್ಮಲ್ಲಿ ಎಷ್ಟು ಮನೆಯವರು ಮಕ್ಕಳನ್ನು ಅದಕ್ಕೆ ಕೂರಿಸಿದ್ದೇವೆ? ಕೇಳಿದರೆ ‘ಚಿತ್ರ ಬಿಡಿಸುವುದು ಸರಿಯಾ’ ಎಂದು ತಿರುಗಿ ಪ್ರಶ್ನೆ. ಜೀವಿಗಳ ಚಿತ್ರದ ಚರ್ಚೆಯನ್ನು ಉಸ್ತಾದರಿಗೆ ಬಿಡೋಣ. ಗೋಡೆ, ಬಾಗಿಲು, ಕಮಾನಿಗೆ ಅದು ತಾಗುವುದಿಲ್ಲ.

ಆಟೋಕ್ಯಾಡ್ ಬೇಡ ಎನ್ನುತ್ತಿಲ್ಲ. ಆದರೆ ಮೊದಲು ಟೇಪು ಹಿಡಿದು ತಾವಿರುವ ಮನೆಯನ್ನೇ ಅಳೆಯಲಿ, ಹೆಣ್ಣುಮಕ್ಕಳೂ. ಗೋಡೆ ಗೋಡೆ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಹಿಡಿಯಬೇಕು. ಹಳೆಯ ಕೋಣೆ ಸರಿ ಚೌಕವಲ್ಲ ಎಂಬುದು ಆಗಲೇ ಗೊತ್ತಾಗುವುದು.

ಬಂದರಿನ ಝೀನತ್ ಬಕ್ಷ್ ಪಳ್ಳಿಯ ಕೆತ್ತನೆಯ ಮರದ ಕಂಬಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಸಣ್ಣ ಊರಿನ ಹಂಚಿನ ಪಳ್ಳಿಗೆ ಆ ಭಾಗ್ಯವಿಲ್ಲ. ಜಮಾಅತ್ ಬೆಳೆದಿದೆ, ಜಾಗ ಸಾಲದು, ಹೊಸದು ಕಟ್ಟಲಿ. ಕೆಡವುವ ಮೊದಲು ಒಂದು ವಾರ ಮದ್ರಸದ ದೊಡ್ಡ ಮಕ್ಕಳಿಗೆ ಬಿಟ್ಟುಕೊಡಿ. ಅವರು ಅಳೆದು ಬಿಡಿಸಿದ ಪ್ಲ್ಯಾನ್, ಸೆಕ್ಷನಿನ ಒಂದು ಪ್ರತಿ ಜಮಾಅತ್ ಆಫೀಸಿನ ಕಪಾಟಿನಲ್ಲಿರಲಿ, ಕೆಳಗೆ ಆ ಮಕ್ಕಳ ಹೆಸರು ಬರೆದು.