ಎರಡು ನದಿಗಳ ಊರಿಗೆ ಒಂದು ಇಳಿಜಾರು ಕಟ್ಟಿಸಿಕೊಡಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು.

ಮಾನ್ಯರೇ,

ನಾನು ಮಂಗಳೂರಿನಲ್ಲಿ ಸಣ್ಣದೊಂದು ಮೋಟಾರು ಬೋಟ್ ಇಟ್ಟುಕೊಂಡಿರುವವನು. 14 ಅಡಿಯ ಫೈಬರ್ ಬೋಟ್, ಹಿಂಬದಿಗೆ 15 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ಮೀನು ಹಿಡಿದು ಮಾರುವುದಿಲ್ಲ, ಪ್ರವಾಸಿಗರನ್ನು ಕೂರಿಸಿ ಬಾಡಿಗೆ ಪಡೆಯುವುದೂ ಇಲ್ಲ. ರಜೆಯ ದಿನ ಮನೆಯವರನ್ನು ಕೂರಿಸಿಕೊಂಡು ಫಲ್ಗುಣಿ ನದಿಯಲ್ಲಿ ಒಂದು ಸುತ್ತು, ನದಿ ನಡುವಿನ ಕುದ್ರುವಿನ ಬದಿಯಲ್ಲಿ ಸ್ವಲ್ಪ ಹೊತ್ತು ಗಾಳ, ಬಿಸಿಲೇರುವ ಮೊದಲು ವಾಪಸು. ಇಷ್ಟಕ್ಕೆ ಬೇಕಾದ ಎಲ್ಲವೂ ಈ ಊರಿನಲ್ಲಿದೆ. ಯಾರ ಹಂಗೂ ಇಲ್ಲದೆ ಟ್ರೇಲರ್‌ನಿಂದ ಬೋಟನ್ನು ನೀರಿಗೆ ಇಳಿಸಬಹುದಾದ ಒಂದು ಸಾರ್ವಜನಿಕ ಇಳಿಜಾರು ಮಾತ್ರ ನನಗೆ ಎಲ್ಲಿ ಹುಡುಕಿದರೂ ಸಿಕ್ಕಿಲ್ಲ. ಅದನ್ನು ಕಟ್ಟಿಸಿಕೊಡಿ ಎಂದು ಕೇಳುವುದಕ್ಕಾಗಿಯೇ ಈ ಪತ್ರ.

ಬೋಟ್ ಇಟ್ಟುಕೊಳ್ಳುವುದು ಹಣವಂತರ ಹವ್ಯಾಸ, ಅದಕ್ಕೆ ಸರಕಾರದ ದುಡ್ಡು ಯಾಕೆ ಎಂದು ಯಾರಾದರೂ ಕೇಳಬಹುದು. ನನ್ನ ಬೋಟಿಗೂ ಎಂಜಿನ್‌ಗೂ ಬಿದ್ದ ಖರ್ಚು ಒಂದು ಸಾಧಾರಣ ಹಳೆಯ ಕಾರಿನ ಬೆಲೆಗಿಂತ ಹೆಚ್ಚಿಲ್ಲ. ಆದರೆ ನನ್ನ ವಾದ ಅದಲ್ಲ. ಇಳಿಸಲು ಜಾಗ ಇದೆಯೇ ಇಲ್ಲವೇ ಎನ್ನುವುದರ ಮೇಲೆಯೇ ಬೋಟಿನ ಆರೈಕೆ ನಿಂತಿದೆ, ಆರೈಕೆಯ ಮೇಲೆ ಅದರಲ್ಲಿ ಕೂರುವವರ ಜೀವ ನಿಂತಿದೆ. ಇದನ್ನು ತಮ್ಮ ಮನಸ್ಸಿಗೆ ತರಬೇಕಾದರೆ ಸ್ವಲ್ಪ ಎಂಜಿನ್ ಹತ್ತಿರ ಕರೆದುಕೊಂಡು ಹೋಗಬೇಕು.

ಔಟ್‌ಬೋರ್ಡ್ ಎಂಜಿನ್ ತಂಪಾಗುವುದು ತಾನು ಓಡುವ ನೀರಿನಿಂದಲೇ. ಕೆಳಗಿನ ಕಾಲಿನಲ್ಲಿರುವ ಪಂಪು ನದಿಯ ನೀರನ್ನು ಹೀರಿ, ಎಂಜಿನ್ ಒಳಗೆಲ್ಲ ಸುತ್ತಿಸಿ ಹೊರಗೆ ಬಿಡುತ್ತದೆ. ಅದರ ಒಂದು ಸಣ್ಣ ಧಾರೆ ಹಿಂಬದಿಯಿಂದ ಚಿಮ್ಮುತ್ತಿರುತ್ತದೆ. ಓಡಿಸುವವನ ಕಣ್ಣು ಆಗಾಗ ಅದರ ಮೇಲೆ ಬೀಳುತ್ತಿರಬೇಕು. ಬೆಂಗ್ರೆಯ ಒಬ್ಬ ಹಿರಿಯ ಮೆಕ್ಯಾನಿಕ್ ನನಗೆ ಮೊದಲ ದಿನವೇ ಹೇಳಿದ್ದರು: "ನೋಡಿ ಮಾರಾಯ್ರೆ, ಆ ನೀರು ಉಗುಳುವುದು ನಿಂತಿತೋ, ಅಲ್ಲಿಯೇ ಎಂಜಿನ್ ಆಫ್ ಮಾಡಿ. ದಡ ಮುಟ್ಟಿಸಿಯೇ ಬಿಡುತ್ತೇನೆ ಅಂತ ಹೋಗಬೇಡಿ." ನಮ್ಮ ಅಳಿವೆಯ ನೀರಿನಲ್ಲಿ ಉಪ್ಪೂ ಇದೆ, ಮರಳೂ ಇದೆ. ಪಂಪಿನೊಳಗಿನ ರಬ್ಬರ್ ಚಕ್ರವನ್ನು ಮರಳು ತೇಯುತ್ತದೆ. ನೀರು ಸುತ್ತುವ ಕಿರುದಾರಿಗಳಲ್ಲಿ ಉಪ್ಪು ಹೆಪ್ಪುಗಟ್ಟುತ್ತದೆ. ಹಾಗಾಗಿ ಪ್ರತಿ ಸಲ ಮನೆಗೆ ಬಂದ ಮೇಲೆ ನಳ್ಳಿಯ ಪೈಪು ಸಿಕ್ಕಿಸಿ ಹತ್ತು ನಿಮಿಷ ಸಿಹಿನೀರಿನಲ್ಲಿ ಎಂಜಿನ್ ಓಡಿಸಬೇಕು. ಗೇರ್ ಆಯಿಲ್ ಸ್ವಲ್ಪ ಬಿಟ್ಟು ನೋಡಬೇಕು. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಎಂದರ್ಥ, ಹೆಚ್ಚಾಗಿ ಪಂಖದ (ಪ್ರೊಪೆಲ್ಲರಿನ) ಶಾಫ್ಟಿಗೆ ಸುತ್ತಿಕೊಂಡ ಬಲೆಯ ನೂಲು ಸೀಲನ್ನು ಕಡಿದಿರುತ್ತದೆ. ಪಂಖ ಬಿಚ್ಚಿದರೆ ಕೂದಲೆಳೆಯಂಥ ನೂಲಿನ ಉಂಡೆ ಅಲ್ಲಿ ಕೂತಿರುವುದು ಕಾಣುತ್ತದೆ. ಎಂಜಿನ್ನಿನ ಅಲ್ಯುಮಿನಿಯಂ ಕೊರೆದುಹೋಗದಂತೆ ತಾನೇ ಕರಗಿಹೋಗಲೆಂದು ಕೂರಿಸಿದ ಸತುವಿನ ತುಂಡನ್ನು ಅರ್ಧ ಸವೆದಾಗಲೇ ಬದಲಿಸಬೇಕು. ಈಗಿನ ಪೆಟ್ರೋಲಿನದು ಇನ್ನೊಂದು ಸಂಗತಿ. ಅದರಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮತ್ತು ಮಂಗಳೂರಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಟ್ಟ ಪೆಟ್ರೋಲ್ ಕೊನೆಗೆ ಕೈಕೊಡುವುದು ನಡುನೀರಿನಲ್ಲಿಯೇ.

ಇಷ್ಟನ್ನೂ ಮಾಡಲು ಬೋಟ್ ಮನೆಗೆ ಬರಬೇಕು. ಮನೆಗೆ ಬರಬೇಕಾದರೆ ನೀರಿನಿಂದ ಸಲೀಸಾಗಿ ಮೇಲೇರಬೇಕು. ಇಳಿಜಾರಿಲ್ಲದ ಕಡೆ ಮಾಲೀಕ ಏನು ಮಾಡುತ್ತಾನೆ? ಪರಿಚಯದವರೊಬ್ಬರ ಹಿತ್ತಿಲ ದಡದಲ್ಲಿ ಹಗ್ಗ ಕಟ್ಟಿ ಬೋಟನ್ನು ನೀರಿನಲ್ಲಿಯೇ ಬಿಡುತ್ತಾನೆ. ಒಂದೆರಡು ವಾರದಲ್ಲಿ ತಳಕ್ಕೆ ಪಾಚಿ, ಆಮೇಲೆ ಚಿಪ್ಪು. ವೇಗ ಕುಗ್ಗುತ್ತದೆ, ಎಂಜಿನ್ ತಿಣುಕುತ್ತದೆ, ಸಿಹಿನೀರು ಕಾಣದ ಒಳದಾರಿಗಳು ಮುಚ್ಚಿಕೊಳ್ಳುತ್ತವೆ. ಒಂದು ದಿನ ಇಳಿತದ ಸೆಳೆತ ಅಳಿವೆ ಬಾಗಿಲಿನ ಕಡೆ ಎಳೆಯುತ್ತಿರುವಾಗ ಎಂಜಿನ್ ನಿಲ್ಲುತ್ತದೆ. ಅಳಿವೆ ಬಾಗಿಲಿನ ಮರಳದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಅಲ್ಲಿ ಒಡೆಯುವ ಅಲೆಗೆ ಅನುಭವಿ ಮೀನುಗಾರರೇ ಹೆದರುತ್ತಾರೆ. 14 ಅಡಿಯ ಬೋಟಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಕೂತವನ ಗತಿ ತಾವೇ ಊಹಿಸಿ.

ಸದ್ಯ ನಾವು ಇಳಿಸುತ್ತಿರುವ ರೀತಿಯನ್ನೂ ಹೇಳಿಬಿಡುತ್ತೇನೆ. ಮೀನುಗಾರಿಕೆ ಧಕ್ಕೆಯ ಗೋಡೆಗಳು ಟ್ರಾಲ್ ಬೋಟು, ಪರ್ಸೀನ್ ಬೋಟುಗಳಿಗಾಗಿ ಕಟ್ಟಿದವು, ಅಲ್ಲಿ ನಮಗೆ ಕೆಲಸವಿಲ್ಲ, ಇರಲೂಬಾರದು. ಫೆರಿ ಜೆಟ್ಟಿಗಳು ಜನ ಹತ್ತಿಳಿಯಲು ಮಾಡಿದವು. ಉಳಿದದ್ದು ಹಳೆಯ ಕಡವುಗಳು, ಮರಳಿನ ದಡಗಳು. ಭರತದ ಹೊತ್ತಿನಲ್ಲಿ ಟ್ರೇಲರ್ ಹಿಂದಕ್ಕೆ ಬಿಟ್ಟರೆ ಬೋಟ್ ತಾನಾಗಿ ತೇಲುತ್ತದೆ. ಮಧ್ಯಾಹ್ನ ಮರಳುವಾಗ ನೀರು ಹಿಂದೆ ಸರಿದು ಮೊಣಕಾಲುದ್ದ ಕೆಸರು ಎದ್ದಿರುತ್ತದೆ. ಜೀಪಿನ ಚಕ್ರ ಹೂತುಹೋಗುತ್ತದೆ. ದಡದ ಮನೆಗಳ ಹುಡುಗರು ಓಡಿಬಂದು, "ಅಣ್ಣ, ನೀವು ಎದುರು ಹಿಡಿಯಿರಿ" ಎಂದು ಹೆಗಲು ಕೊಟ್ಟು ಎತ್ತುತ್ತಾರೆ. ಅವರ ಉಪಕಾರವನ್ನು ಮರೆಯುವಂತಿಲ್ಲ, ಆದರೆ ಎರಡು ಕ್ವಿಂಟಲ್‌ಗೂ ಮಿಕ್ಕಿದ ಭಾರವನ್ನು ಜಾರುವ ಕೆಸರಿನಲ್ಲಿ ಎತ್ತುವ ಹುಡುಗನ ಬೆನ್ನಿಗೆ ಏನಾದರೂ ಆದರೆ ಜವಾಬ್ದಾರರು ಯಾರು?

ಇಳಿಜಾರು ಎಂದರೆ ದೊಡ್ಡ ಯೋಜನೆಯೇನಲ್ಲ. ಎಂಟು ಅಡಿ ಸಾಗಿದರೆ ಒಂದು ಅಡಿ ಇಳಿಯುವ ಕಾಂಕ್ರೀಟು ಹಾಸು ಸಾಕು, ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ಬಳಸುವ ಇಳಿವೂ ಸುಮಾರು ಇಷ್ಟೇ. ಇದಕ್ಕಿಂತ ಕಡಿದಾದರೆ ಗಾಡಿ ಜಾರುತ್ತದೆ, ತೀರಾ ಸಪಾಟಾದರೆ ಬೋಟ್ ತೇಲುವ ಮೊದಲೇ ಗಾಡಿಯ ಎಂಜಿನ್ ನೀರಿಗೆ ಬೀಳುತ್ತದೆ. ಮೇಲ್ಮೈಗೆ ಅಡ್ಡಡ್ಡ ಗೀರು ಕೊರೆಯಬೇಕು, ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಪಾಚಿ ಹಿಡಿದು ಕಾಲಿಡಲಾಗದು. ಎಲ್ಲಕ್ಕಿಂತ ಮುಖ್ಯ, ಹಾಸಿನ ತುದಿ ಅತಿ ಕಡಿಮೆ ಇಳಿತದ ಮಟ್ಟಕ್ಕಿಂತಲೂ ಕೆಳಗೆ ಹೋಗಬೇಕು. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನಷ್ಟು ಅಂತರ ಇರುತ್ತದೆ. ಭರತ ನೋಡಿ ಅಳತೆ ಹಾಕಿದ ಇಳಿಜಾರು ದಿನದ ಅರ್ಧ ಹೊತ್ತು ಕೆಸರಿನಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಹಗ್ಗ ಕಟ್ಟಲು ನಾಲ್ಕು ಕಂಬ, ಒಂದು ನಳ್ಳಿ, ಹಳೆ ಆಯಿಲ್ ಸುರಿಯಲು ಒಂದು ಡ್ರಮ್ಮು, ಟ್ರೇಲರ್ ನಿಲ್ಲಿಸಲು ಜಾಗ. ಬಳಸುವವರಿಂದ ಶುಲ್ಕ ಪಡೆಯಿರಿ. ಸಂತೋಷದಿಂದ ಕೊಡುತ್ತೇವೆ.

ಇಷ್ಟು ಕೇಳಲು ಈ ಊರಿಗೆ ಹಕ್ಕಿದೆ ಎಂದು ನಾನು ನಂಬಿದ್ದೇನೆ. ಕೂಳೂರು ದಾಟಿದ ಫಲ್ಗುಣಿ ನೇರ ಕಡಲಿಗೆ ಬೀಳದೆ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ, ಬೆಂಗ್ರೆಯ ಮರಳುಪಟ್ಟಿಯ ಹಿಂದೆ ಸಮುದ್ರದ ಜೊತೆಜೊತೆಗೇ ಹರಿದು, ಹಳೆಬಂದರಿನ ಆಚೆ ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಹೊರಗೆ ಕಡಲು ಅಬ್ಬರಿಸುತ್ತಿದ್ದರೂ ಒಳಗೆ ಮೈಲುಗಟ್ಟಲೆ ತಣ್ಣಗಿನ ನೀರು. ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನದಿದಂಡೆಯಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. ಆವೆಮಣ್ಣು, ಸೌದೆ, ಹೆಂಚು ಎಲ್ಲವೂ ದೋಣಿಗಳಲ್ಲಿ ಸಾಗಿದ ಕಾಲವದು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳಲ್ಲಿ ಗುರುಪುರ ನದಿ ಎಂಬ ಹೆಸರಿನಲ್ಲಿ ನಮ್ಮ ಫಲ್ಗುಣಿಯೂ, ಜೊತೆಗೆ ನೇತ್ರಾವತಿಯೂ ಇವೆ. 2019ರ ಜನವರಿಯಲ್ಲಿ ಜಿಲ್ಲಾಡಳಿತವೇ ಫಲ್ಗುಣಿಯಲ್ಲಿ ನದಿ ಉತ್ಸವ ನಡೆಸಿದಾಗ ಜನ ಬೋಟು ಹತ್ತಲು ಮುಗಿಬಿದ್ದರು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿಯ ದಂಡೆಗೆ ನಡಿಗೆದಾರಿ ಬಂದದ್ದು ಒಳ್ಳೆಯದೇ. ಆದರೆ ಕಂಬಿಯ ಈಚೆ ನಿಂತು ನೀರು ನೋಡುವ ವ್ಯವಸ್ಥೆಯ ಜೊತೆಗೆ, ನೀರಿಗೆ ಇಳಿಯುವ ವ್ಯವಸ್ಥೆಯೂ ಒಂದು ಕಡೆಯಾದರೂ ಇರಲಿ.

ಕಾಯ್ದೆಯ ವಿಷಯಕ್ಕೆ ಬರುತ್ತೇನೆ. 1917ರ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯ್ದೆ, ಯಂತ್ರದಿಂದ ಓಡುವ ಜಲವಾಹನಗಳಿಗೆ ಸರ್ವೇ, ನೋಂದಣಿ, ವಿಮೆಯ ಚೌಕಟ್ಟು ಹಾಕಿದೆ. ಅದು ಬೇಕು. ಆದರೆ ನಾನು ಕಡತ ಹಿಡಿದು ಹೋದಾಗ ಒಂದು ಕಚೇರಿಯಲ್ಲಿ "ಇದು ಮೀನುಗಾರಿಕೆ ಬೋಟಲ್ಲ, ನಮಗೆ ಬರುವುದಿಲ್ಲ" ಎಂದರು. ಇನ್ನೊಂದರಲ್ಲಿ "ನೀವು ಪ್ರವಾಸಿಗರನ್ನು ಸಾಗಿಸುವುದಿಲ್ಲವಲ್ಲ, ಹಾಗಾದರೆ ಯಾಕೆ?" ಎಂದರು. ಇಬ್ಬರೂ ಸೌಜನ್ಯದಿಂದಲೇ ಹೇಳಿದರು. ಸ್ವಂತ ಸಂತೋಷಕ್ಕೆ ಬೋಟ್ ಇಟ್ಟುಕೊಳ್ಳುವವನೊಬ್ಬ ಇರುತ್ತಾನೆ ಎನ್ನುವುದೇ ಅವರ ಮೇಜಿನ ಫಾರಮ್ಮುಗಳಲ್ಲಿ ಇರಲಿಲ್ಲ. ಬಂದರು, ಮೀನುಗಾರಿಕೆ, ಪ್ರವಾಸೋದ್ಯಮ, ಪೊಲೀಸ್, ಪಾಲಿಕೆ, ಈ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಅಧಿಕಾರ ತಮ್ಮೊಬ್ಬರಿಗೇ ಇದೆ. ಆದ್ದರಿಂದಲೇ ಇದು ತಮ್ಮ ಹೆಸರಿಗೆ ಬರೆದ ಪತ್ರ.

ಇಳಿಜಾರು ಒಂದೇ ಕಡೆ ಇದ್ದರೆ ಕಾನೂನು ಕೈಗೆಟಕುವುದೂ ಅಲ್ಲಿಯೇ. ನೋಂದಣಿ ಸಂಖ್ಯೆ ಇಲ್ಲದ ಬೋಟ್ ಇಳಿಯದು. ಲೈಫ್ ಜಾಕೆಟ್ ತೊಡದ ಮಗು ಹತ್ತದು. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಕೈಗೆ ಕಟ್ಟಿಕೊಳ್ಳುವ ಹುರಿ ಇದೆಯೇ ಎಂದು ಅಲ್ಲಿಯೇ ನೋಡಬಹುದು. ಎಷ್ಟು ಜನ ಹೋದರು, ಎಷ್ಟು ಗಂಟೆಗೆ ಮರಳಬೇಕು ಎಂದು ಪುಸ್ತಕದಲ್ಲಿ ಬರೆಸಬಹುದು; ಮರಳದಿದ್ದರೆ ಹುಡುಕಲು ಹೊರಡಬಹುದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟ್ ಮುಳುಗಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಎರಡೂ ಕಡೆ ಮಿತಿ ಮೀರಿ ಜನ ತುಂಬಿದ್ದರು. ತಾನೂರಿನದಂತೂ ಮೀನುಗಾರಿಕೆ ಬೋಟನ್ನೇ ಪ್ರವಾಸಿ ಬೋಟಾಗಿ ಬದಲಿಸಿದ್ದು. ದಡದಲ್ಲಿ ತಲೆ ಎಣಿಸಿ ತಡೆಯುವ ಒಬ್ಬ ಮನುಷ್ಯ ಇದ್ದಿದ್ದರೆ ಎಂದು ಆ ಸುದ್ದಿಗಳನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಭದ್ರತೆಯ ಪ್ರಶ್ನೆಗೂ ಇದೇ ಉತ್ತರ. 2008ರಲ್ಲಿ ಮುಂಬೈಗೆ ಬಂದ ಹಂತಕರು ಬಂದದ್ದು ಸಮುದ್ರದಿಂದ, ಅಪಹರಿಸಿದ ಮೀನುಗಾರಿಕೆ ಬೋಟಿನಲ್ಲಿ. ಹಿತ್ತಿಲು ಹಿತ್ತಿಲಿನಿಂದ ಇಳಿಯುವ ಬೋಟುಗಳಿಗಿಂತ ಒಂದೇ ಬಾಗಿಲಿನಿಂದ ಇಳಿಯುವ ಬೋಟುಗಳ ಮೇಲೆ ಕರಾವಳಿ ಪೊಲೀಸರಿಗೆ ಕಣ್ಣಿಡುವುದು ಸುಲಭ.

ಈ ನೀರಿನಲ್ಲಿ ನಮಗಿಂತ ಮೊದಲಿನ ಹಕ್ಕು ಇರುವವರ ಮಾತನ್ನು ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಇಳಿತದ ಹೊತ್ತಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕುವವರಿದ್ದಾರೆ. ಬೀಸುಬಲೆಯವರಿದ್ದಾರೆ, ಥರ್ಮಾಕೋಲ್ ತುಂಡು ತೇಲಿಬಿಟ್ಟು ಬಲೆ ಹಾಕಿದವರಿದ್ದಾರೆ. ಜೋರಾಗಿ ಹೋದ ಬೋಟಿನ ಅಲೆ ಅವರ ಸಣ್ಣ ದೋಣಿಯನ್ನು ಮಗುಚಬಲ್ಲದು, ನಮ್ಮ ಪಂಖ ಅವರ ಒಂದು ದಿನದ ಅನ್ನವನ್ನು ಕತ್ತರಿಸಬಲ್ಲದು. ಆದ್ದರಿಂದ ದಡದ ಹತ್ತಿರ, ಕಡವು, ಸೇತುವೆಗಳ ಹತ್ತಿರ, ಬಲೆಗಳಿರುವ ಕಡೆ ಅಲೆ ಏಳದಷ್ಟು ನಿಧಾನಕ್ಕೆ ಹೋಗಬೇಕೆಂಬ ನಿಯಮ ಮಾಡಿ, ಮುರಿದವರ ನೋಂದಣಿ ರದ್ದು ಮಾಡಿ. ಅಳಿವೆ ಬಾಗಿಲು ದಾಟುವುದನ್ನು ನಮ್ಮಂಥ ಸಣ್ಣ ಬೋಟುಗಳಿಗೆ ಕಡ್ಡಿ ತುಂಡು ಮಾಡಿದಂತೆ ನಿಷೇಧಿಸಿ. ನೇತ್ರಾವತಿಯಲ್ಲಿ ಹರೇಕಳ ಅಣೆಕಟ್ಟಿನ ಕೆಳಗೇ ನಮ್ಮ ಗಡಿ ಇರಲಿ. ಅದರ ಮೇಲೆ ತುಂಬೆ ಅಣೆಕಟ್ಟು ಇದೆ, ಊರಿಗೆ ಊರೇ ಕುಡಿಯುವ ನೀರಿನಲ್ಲಿ ಪೆಟ್ರೋಲ್ ಎಂಜಿನ್ನಿಗೆ ಕೆಲಸವಿಲ್ಲ. ಯಾಂತ್ರೀಕೃತ ಮೀನುಗಾರಿಕೆ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದರೆ, ನಮಗೆ ನದಿಯ ಕೆಂಪು ನೀರು ಇಳಿಯುವವರೆಗೂ ಇರಲಿ, ಸೆಪ್ಟೆಂಬರ್ ಮುಗಿಯುವ ತನಕ. ಆ ದಿನಗಳಲ್ಲಿ ಬೋಟಿನ ತಳದ ಬಿರಡೆ ತೆಗೆದು, ಟ್ಯಾಂಕ್ ಖಾಲಿ ಮಾಡಿ, ಟಾರ್ಪಾಲ್ ಹೊದೆಸಿ ಇಡುವುದೇ ಸರಿ. ಇಳಿಜಾರನ್ನು ನೋಡಿಕೊಳ್ಳುವ ಕೆಲಸ ಬೆಂಗ್ರೆ, ಬೋಳಾರ, ಕೂಳೂರಿನ ದೋಣಿ ಮನೆತನಗಳ ಯುವಕರಿಗೆ ಹೋಗಲಿ. ಈ ನೀರನ್ನು ಅವರಷ್ಟು ಬಲ್ಲವರಿಲ್ಲ, ಮತ್ತು ಅವರು ಹೇಳಿದರೆ ಎಂಥ ಬೋಟಿನವನೂ ಕೇಳುತ್ತಾನೆ.

ಇಳಿಜಾರು ನೆರೆಯ ಹೊತ್ತಿಗೂ ಬೇಕಾಗುತ್ತದೆ. 1923ರ ಮಹಾನೆರೆ ಮಾರಿಬೊಳ್ಳವನ್ನು ಅಜ್ಜಂದಿರು ಹೇಳುತ್ತಿದ್ದರು, 1974ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ನೆರೆ ಬಂದಾಗ ಮೊದಲು ಬೇಕಾಗುವುದು ತಳ ಸಪಾಟಾದ ಸಣ್ಣ ಬೋಟುಗಳು, ಮತ್ತು ಅವುಗಳನ್ನು ತಕ್ಷಣ ನೀರಿಗಿಳಿಸುವ ಗಟ್ಟಿ ನೆಲ. ಯಾರ ಬಳಿ ಯಾವ ಬೋಟ್ ಇದೆ, ಎಂಜಿನ್ ಸುಸ್ಥಿತಿಯಲ್ಲಿದೆಯೇ ಎಂಬ ಪಟ್ಟಿ ತಮ್ಮ ವಿಪತ್ತು ನಿರ್ವಹಣಾ ಕೊಠಡಿಯಲ್ಲಿದ್ದರೆ ನಾವೂ ಕರೆದಲ್ಲಿಗೆ ಬರುತ್ತೇವೆ.

ಜಾಗ ಆರಿಸುವಾಗ ಕಾಂಡ್ಲಾ ಕಾಡಿಗೆ ಕೈ ಹಾಕುವುದು ಬೇಡ, ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅನುಮತಿ ಪಡೆದೇ ಮುಂದುವರಿಯಲಿ. ಫಲ್ಗುಣಿಯಲ್ಲಿ ಕೂಳೂರು ಸೇತುವೆಗೂ ಸುಲ್ತಾನ್ ಬತ್ತೇರಿಗೂ ನಡುವಿನ ಪೂರ್ವದಂಡೆ ನನ್ನ ಸಲಹೆ. ಅಲ್ಲಿಗೆ ಟ್ರೇಲರ್ ಬರುವಷ್ಟು ರಸ್ತೆಯಿದೆ, ಅಳಿವೆಯ ಸೆಳೆತ ದೂರವಿದೆ, ಧಕ್ಕೆಯ ಬೋಟುಗಳ ದಾರಿಗೆ ಅಡ್ಡವಾಗುವುದಿಲ್ಲ. ತಾವು ಎಂಜಿನಿಯರರೊಂದಿಗೆ ಸ್ಥಳ ನೋಡಲು ಬರುವುದಾದರೆ ಹುಣ್ಣಿಮೆಯ ಮರುದಿನ, ಇಳಿತ ಪೂರ್ತಿಯಾದ ಹೊತ್ತಿಗೆ ಬನ್ನಿ. ಹಾಸು ಎಲ್ಲಿಯವರೆಗೆ ಹೋಗಬೇಕು ಎಂಬುದು ಆ ಒಂದು ಗಂಟೆಯಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಅಳತೆ ಕೋಲು ಹಿಡಿದು ಕೆಸರಿಗೆ ಇಳಿಯಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮಂಗಳೂರಿನ ಒಬ್ಬ ಸಣ್ಣ ಬೋಟಿನ ಮಾಲೀಕ